ಕಾಳಿರುವೆ ಇರುವ ಮಸಾರಿಯಲ್ಲಿ ಅಂಜನ ಹುಲ್ಲು ಎಬ್ಬಿಸಿದ ಲೆಕ್ಕ

ಕುಷ್ಟಗಿ ತಾಲ್ಲೂಕಿನ ನಮ್ಮ ಹೊಲದ ಮೇಲ್ತುದಿಯಲ್ಲಿ 20 ಗುಂಟೆ ಮರಡಿ ಇದೆ. ಗರಸು ಬೆರೆತ ಮಸಾರಿ, ಅಂದರೆ ಕೆಂಪು ಮಣ್ಣು, ಮೇಲ್ಮಣ್ಣು ಒಂದು ಗೇಣೂ ಇಲ್ಲ. ಮಳೆ ಬಿದ್ದರೆ ನೀರು ನಿಲ್ಲದೆ ಮಣ್ಣು ಹೊತ್ತುಕೊಂಡು ಕೆಳಗಿನ ಎರೆ (ಕಪ್ಪು ಮಣ್ಣಿನ) ಹೊಲಕ್ಕೆ ಇಳಿಯುತ್ತದೆ. ಅಲ್ಲಿ ಅಂಜನ ಹುಲ್ಲು ಮತ್ತು ಸ್ಟೈಲೋ ಎಂಬ ದ್ವಿದಳ ಮೇವಿನ ಗಿಡ ಎಬ್ಬಿಸಿ ಮಣ್ಣು ಹಿಡಿಯಬೇಕು, ಮನೆಯ ಎಮ್ಮೆಗಳಿಗೆ ಒಂದಿಷ್ಟು ಮೇವೂ ಆಗಬೇಕು, ಇಷ್ಟೇ ಕೆಲಸ. ಇದಕ್ಕೆ ಅಡ್ಡ ಬಂದದ್ದು ಕಾಳು ಹೊರುವ ಇರುವೆ. ಅದನ್ನು ಕೊಲ್ಲದೆ ಹುಲ್ಲು ಎದ್ದಿದೆ. ಏನೇನು ಮಾಡಿದೆವು, ಯಾವುದು ಫಲಿಸಲಿಲ್ಲ ಎಂಬುದನ್ನು ಮಳೆಗಳ ಕ್ರಮದಲ್ಲಿ ಬರೆದಿದ್ದೇನೆ. ಇಂಥದೇ ಮಸಾರಿ ಇರುವವರಿಗೆ ಅಳತೆಗಳು ಉಪಯೋಗವಾದಾವು.

ಹೋದ ವರ್ಷದ ರೋಹಿಣಿ

ಅಂಜನ ಬೀಜ 1 ಕೆ.ಜಿ., ಸ್ಟೈಲೋ ಅರ್ಧ ಕೆ.ಜಿ. ಮರಳಲ್ಲಿ ಬೆರೆಸಿ ಒಣ ನೆಲಕ್ಕೇ ಎರಚಿದ್ದೆವು. ಮಳೆ ಬಂದ ಕೂಡಲೇ ಮೊಳೆಯಲಿ ಎಂಬ ಎಣಿಕೆ. ಮಳೆ ಎರಡು ವಾರ ಜಾರಿತು. ಆ ಎರಡು ವಾರದಲ್ಲಿ ಬೀಜ ನೆಲದಿಂದ ಮಾಯ. ಬೆಳಿಗ್ಗೆ ಕೂತು ನೋಡಿದರೆ ಎರಡು ಬೆರಳಗಲದ ದಾರಿ ಮಾಡಿಕೊಂಡು ಇರುವೆಗಳು ಸಾಲುಗಟ್ಟಿ ಹೋಗುತ್ತಿದ್ದವು. ಸ್ಟೈಲೋ ಕಾಳನ್ನು ಒಂದೊಂದು ಇರುವೆ ತಲೆಗಿಂತ ಎತ್ತರಕ್ಕೆ ಎತ್ತಿ ಹಿಡಿದು ಓಡುತ್ತಿತ್ತು. ಅಂಜನದ್ದು ನವಿರುಳ್ಳ ಬೀಜ. ಗಾಳಿ ಬೀಸಿದರೆ ಬೀಜದ ಸಮೇತ ಇರುವೆಯೇ ಮಗುಚುತ್ತಿತ್ತು, ಆದರೂ ಬಿಡುತ್ತಿರಲಿಲ್ಲ. ಕೊನೆಗೆ ಹುಲ್ಲು ಎದ್ದದ್ದು ಬದುವಿನ ಮಗ್ಗುಲಲ್ಲಿ, ಮಣ್ಣು ಮುಚ್ಚಿದ್ದ ಕಡೆ ನಾಲ್ಕಾರು ಬುಡ ಮಾತ್ರ.

ಗೊಬ್ಬರದ ಅಂಗಡಿಯಲ್ಲಿ ಕೇಳಿದರೆ ಪುಡಿ ವಿಷ ಕೊಟ್ಟು ಗೂಡಿನ ಬಾಯಿಗೆ ಸುರಿಯಿರಿ ಎಂದರು. ಅದನ್ನು ತರಲಿಲ್ಲ. ಆ ಇಳಿಜಾರಿನ ನೀರೆಲ್ಲ ನಮ್ಮ ಬಾವಿಯ ಕಡೆಗೇ ಇಳಿಯುವುದು ಒಂದು ಕಾರಣ. ಇನ್ನೊಂದು, ಗಟ್ಟಿಯಾಗಿ ಕೂತಿರುವ ಆ ಗರಸಿನಲ್ಲಿ ಆಳಕ್ಕೆ ತೂತು ಕೊರೆದು ನೀರಿಳಿಸುವ ಜೀವ ಇದೊಂದೇ. ಗುದ್ದಲಿ ಎರಡು ಅಂಗುಲ ಇಳಿಯಲು ಒದ್ದಾಡುವ ಜಾಗ ಅದು.

ಭರಣಿ: ಗೂಡು ಗುರುತಿಸಿದ್ದು

ಈ ವರ್ಷ ಬೀಜಕ್ಕಿಂತ ಮೊದಲು ಗೂಡು ಹುಡುಕಿದೆವು. ಬೇಕಾದದ್ದು 30 ಮೀಟರಿನ ಟೇಪು, ಸುಣ್ಣದ ಪುಡಿ, ಗೂಟ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ (180 ರೂಪಾಯಿ), ಮಣ್ಣಿಗೆ ಚುಚ್ಚುವ ಥರ್ಮಾಮೀಟರು (350 ರೂಪಾಯಿ). ಗೂಡು ಹುಡುಕುವುದು ಕಷ್ಟವಲ್ಲ. ಬಾಯಿಯ ಸುತ್ತ ಹೊಟ್ಟಿನ ಬಳೆ ಇರುತ್ತದೆ: ಹುಲ್ಲಿನ ಊಬು, ಸಜ್ಜೆಯ ಸಿಪ್ಪೆ, ಉತ್ತರಾಣಿಯ ಮುಳ್ಳು ಹೊಟ್ಟು. ಕಾಳನ್ನು ಒಳಗೊಯ್ದು ಸುಲಿದು ಬೇಡದ್ದನ್ನೆಲ್ಲ ಹೊರಗೆ ತಂದು ಹಾಕುತ್ತವೆ. 20 ಗುಂಟೆಯೊಳಗೆ ಆರು ಗೂಡು, ಬದುವಿನ ಆಚೆ ಎರಡು. ಬಾಯಿ ಒಂದೆರಡು ಸೆಂ.ಮೀ., ಹೊಟ್ಟಿನ ಬಳೆ 40ರಿಂದ 70 ಸೆಂ.ಮೀ. ಅಗಲ. ಅತಿ ಉದ್ದದ ದಾರಿ 17 ಮೀಟರು.

ಭೂತಗನ್ನಡಿಯಲ್ಲಿ ನೋಡಿದರೆ ಒಂದೇ ಸಾಲಿನಲ್ಲಿ ಸಣ್ಣದು, ದೊಡ್ಡದು ಎರಡೂ ಗಾತ್ರದವು ಇವೆ. ದೊಡ್ಡದರ ತಲೆಯ ಮೇಲೆ ಉದ್ದುದ್ದ ಗೀರುಗಳು ಸ್ಪಷ್ಟ. ಗೀರು, ಬಣ್ಣ, ಹೊಟ್ಟಿನ ಬಳೆ ಮೂರೂ ಟ್ರೈಕೊಮಿರ್ಮೆಕ್ಸ್ ಸ್ಕೇಬ್ರಿಸೆಪ್ಸ್ ಎಂಬ ಇರುವೆಗೆ ಹೊಂದುತ್ತವೆ. 1879ರಲ್ಲಿ ಆಸ್ಟ್ರಿಯಾದ ಕೀಟತಜ್ಞ ಗುಸ್ಟಾವ್ ಮಾಯರ್ ಹೆಸರಿಟ್ಟ ಭಾರತದ ಕಾಳಿರುವೆ ಇದು. ಬಹುಕಾಲ ಮೊನೊಮೋರಿಯಂ ಕುಲದಲ್ಲಿದ್ದು, 2015ರಲ್ಲಿ ಈಗಿನ ಕುಲಕ್ಕೆ ಸೇರಿತು.

ಹೊತ್ತಿನ ಲೆಕ್ಕವೇ ಮುಂದೆ ಹೆಚ್ಚು ಉಪಯೋಗಕ್ಕೆ ಬಂತು. ಬೆಳಿಗ್ಗೆ ಆರೂವರೆಗೆ ಸಾಲು ಶುರು. ಮೇಲ್ಮಣ್ಣು 45 ಡಿಗ್ರಿ ದಾಟುತ್ತಿದ್ದಂತೆ ಸಾಲು ತೆಳುವಾಗುತ್ತದೆ. ಮಧ್ಯಾಹ್ನ ಮಣ್ಣು 57 ಡಿಗ್ರಿ ಇದ್ದಾಗ ಹೊರಗೆ ಒಂದೂ ಇಲ್ಲ. ಸಂಜೆ ಐದರ ಮೇಲೆ ಮತ್ತೆ ಹೊರಟು ಕತ್ತಲಾಗುವವರೆಗೂ ಹೊರುತ್ತವೆ. ಮೋಡ ಇದ್ದ ದಿನ ಮಧ್ಯಾಹ್ನದ ಬಿಡುವು ಇಲ್ಲ. ಅಂದರೆ ಮಳೆ ಕಾಯುತ್ತಾ ಬೀಜ ಎರಚುವ ದಿನಗಳಲ್ಲೇ ಇವುಗಳ ದುಡಿಮೆಯೂ ಹೆಚ್ಚು.

ಕೃತ್ತಿಕಾ: ಹಂಚಿನ ಮೇಲೆ ಪರೀಕ್ಷೆ

ಒಡೆದ ಹಂಚನ್ನು ಅಂಗೈಯಗಲದ ಚೂರು ಮಾಡಿ, ಗೂಡಿನ ಬಾಯಿಯಿಂದ 2 ಮೀಟರು ದೂರ, ದಾರಿಯ ಪಕ್ಕಕ್ಕೆ ಇಟ್ಟೆವು. ಒಂದೊಂದು ಚೂರಿನ ಮೇಲೆ ಒಂದೊಂದು ಬಗೆಯ 50 ಬೀಜ. ಬೆಳಿಗ್ಗೆ ಎರಡು ತಾಸು ಬಿಟ್ಟು ಎಣಿಕೆ. ಬರೀ ಸ್ಟೈಲೋ ಒಂದೂ ಉಳಿಯಲಿಲ್ಲ. ಸಜ್ಜೆಯೂ ಅಷ್ಟೆ. ಉಜ್ಜಿ ನವಿರು ತೆಗೆದ ಅಂಜನ ಮೂರು ಉಳಿಯಿತು. ನವಿರು ಇರುವ ಅಂಜನ 31 ಉಳಿಯಿತು. ಬಿತ್ತುವಾಗ ಕೈಗೆ ಅಂಟುತ್ತದೆಂದು ನಾವು ಉಜ್ಜಿ ತೆಗೆಯುವ ನವಿರೇ ಅದಕ್ಕೆ ಒಂದಿಷ್ಟು ರಕ್ಷಣೆ ಎಂದು ಅಲ್ಲಿ ತಿಳಿಯಿತು.

ಸ್ಟೈಲೋ ದ್ವಿದಳದ್ದಾದ್ದರಿಂದ ಬೇರಿನಲ್ಲಿ ಸಾರಜನಕ ಹಿಡಿಯುವ ರೈಜೋಬಿಯಂ ಜೀವಾಣುವನ್ನು ಬೀಜಕ್ಕೆ ಅಂಟಿಸಬೇಕು, ಅದಕ್ಕೆ ಬೆಲ್ಲದ ಪಾಕ ಬಳಸುವುದು ರೂಢಿ. ಬೆಲ್ಲ ಹಚ್ಚಿದ ಬೀಜ ಇಟ್ಟ ಹಂಚಿಗೆ ಕಾಳಿರುವೆ ಮಾತ್ರವಲ್ಲ, ಸಿಹಿಗೆ ಮುತ್ತುವ ಬೇರೆ ಇರುವೆಗಳೂ ಬಂದವು. ಶೇಂಗಾ, ತೊಗರಿಯನ್ನು ಕೂರಿಗೆಯಲ್ಲಿ ಮಣ್ಣೊಳಗೆ ಬಿಡುವುದರಿಂದ ಅಲ್ಲಿ ಬೆಲ್ಲ ನಡೆಯುತ್ತದೆ. ಮೇಲೆ ಎರಚುವ ಬೀಜಕ್ಕೆ ಖಂಡಿತ ಬೇಡ. ಬದಲಿಗೆ ಕರಿಜಾಲಿಯ ಗೋಂದು ಬಳಸಿದೆವು. ಬದುವಿನ ಮರದಲ್ಲೇ ಸಿಗುತ್ತದೆ. 100 ಗ್ರಾಂ ಗೋಂದನ್ನು ಒಂದು ಲೀಟರು ಬಿಸಿ ನೀರಲ್ಲಿ ರಾತ್ರಿ ನೆನೆಸಿ, ಬಟ್ಟೆಯಲ್ಲಿ ಸೋಸಿ, ಪೂರ್ತಿ ಆರಿದ ಮೇಲೆ ರೈಜೋಬಿಯಂ ಬೆರೆಸಬೇಕು. ಬಿಸಿ ಇದ್ದರೆ ಜೀವಾಣು ಸಾಯುತ್ತದೆ.

ಖಾರದ ಪುಡಿ ಹಚ್ಚಿದ್ದು ಗಾಳಿಗೆ ಹಾರಿಹೋಯಿತು, ಎಣಿಕೆಯಲ್ಲಿ ವ್ಯತ್ಯಾಸವಿಲ್ಲ. ಬೇವಿನ ಹಿಂಡಿ ಹಚ್ಚಿದ್ದನ್ನು ಸ್ವಲ್ಪ ಹೊತ್ತು ಮುಟ್ಟಲಿಲ್ಲ, ಸಂಜೆಗೆ ಅದೂ ಖಾಲಿ. ವಾಸನೆಯಿಂದ ತಡೆಯುವ ದಾರಿ ಅಲ್ಲಿಗೆ ಬಿಟ್ಟೆವು.

ಉಳಿದದ್ದು ಮಣ್ಣಿನ ಉಂಡೆ. 3–4 ಮಿ.ಮೀ. ಉಂಡೆಯನ್ನು ಇಡಿಯಾಗಿ ಎತ್ತಿಕೊಂಡು ಹೋದವು. 12 ಮಿ.ಮೀ.ನ ಕೈಯುಂಡೆಯನ್ನು ಎತ್ತಲಾಗಲಿಲ್ಲ, ಆದರೆ ಅದರಲ್ಲಿ ನಾಲ್ಕೈದು ಬೀಜ. ಒಂದು ಕಡೆ ಕಡಿದು ದಾರಿ ಮಾಡಿಕೊಂಡರೆ ಎಲ್ಲ ಬೀಜವೂ ಹೋಯಿತು. ಮೊಳೆತರೂ ಒಂದೇ ಗುಣಿಯಲ್ಲಿ ಐದು ಸಸಿ ಕಚ್ಚಾಡುತ್ತವೆ. ಒಂದೆರಡು ಬೀಜ ಹಿಡಿದ 6–8 ಮಿ.ಮೀ. ಉಂಡೆ ಸರಿಯಾದ ಅಳತೆ. ಒಂದು ದೊಡ್ಡ ಇರುವೆ ಅಂಥದೊಂದನ್ನು ಹಿಡಿದದ್ದನ್ನು ಹತ್ತಿರದಿಂದ ನೋಡಿದೆ. ದವಡೆ ಊರಲು ಜಾಗ ಹುಡುಕಿ ಸುತ್ತ ಬಂತು, ಹಿಂದೆ ಸರಿಯುತ್ತಾ ಎಳೆಯಿತು, ಉಂಡೆ ಅರ್ಧ ಸುತ್ತು ಉರುಳಿ ನಿಂತಿತು. ಇನ್ನೆರಡು ಬಂದು ಬೇರೆ ಬೇರೆ ದಿಕ್ಕಿಗೆ ಎಳೆದವು. ಸ್ವಲ್ಪ ಹೊತ್ತಿಗೆ ಮೂರೂ ಬಿಟ್ಟು, ಪಕ್ಕದಲ್ಲಿ ಬಿದ್ದಿದ್ದ ಬರೀ ಹುಲ್ಲುಬೀಜ ಹಿಡಿದು ಹೊರಟವು. ಉಂಡೆಯ ಕೆಲಸ ಅಷ್ಟೇ. ಇರುವೆಗೆ ಅದು ಲಾಭದ ಹೊರೆ ಆಗಬಾರದು.

ಕೃತ್ತಿಕಾ ಮುಗಿಯುವ ಹೊತ್ತಿಗೆ: ಉಂಡೆ ಯಂತ್ರ

ಒಂದೂವರೆ ಕೆ.ಜಿ. ಬೀಜವನ್ನು ಆ ಅಳತೆಗೆ ಕೈಯಲ್ಲಿ ಕಟ್ಟಲಾಗದು. 20 ಲೀಟರಿನ ಪೇಂಟ್ ಬಕೆಟ್ಟಿನ ತಳಕ್ಕೆ ಹಳೇ ಸೈಕಲ್ಲಿನ ಹಿಂದಿನ ಹಬ್ಬು ಬೋಲ್ಟು ಹಾಕಿ ಬಿಗಿದು, ಆಂಗಲ್ ಕಬ್ಬಿಣದ ಸ್ಟ್ಯಾಂಡಿಗೆ ಕೂರಿಸಿದೆವು. ಬಕೆಟ್ಟು ನೆಲಕ್ಕೆ 40 ಡಿಗ್ರಿ ಓರೆ. ತಿರುಗಿಸಲು ಕೈಹಿಡಿ. ಬೆಸುಗೆಗೆ 250 ರೂಪಾಯಿ, ಕಬ್ಬಿಣದ ತುಂಡು ಗುಜರಿಯಿಂದ 180, ಬಕೆಟ್ಟು, ಹಬ್ಬು ಮನೆಯಲ್ಲೇ ಇದ್ದವು.

ಮೊದಲ ಸುತ್ತಿನಲ್ಲಿ ಉಂಡೆಯೇ ಕಟ್ಟಲಿಲ್ಲ. ಪ್ಲಾಸ್ಟಿಕ್ಕು ನುಣುಪು, ಬೀಜ ಉರುಳದೆ ಬರೀ ಜಾರುತ್ತಿತ್ತು. ಒಳಗೋಡೆಗೆ ಉಳಿದ ಪೇಂಟು ಬಳಿದು, ಹಸಿ ಇರುವಾಗಲೇ ಜರಡಿ ಹಿಡಿದ ಮರಳು ಎರಚಿ ಒಣಗಿಸಿದ ಮೇಲೆ ಸರಿಹೋಯಿತು. ನಿಮಿಷಕ್ಕೆ 25–30 ಸುತ್ತು ಸಾಕು. ಜೋರಾಗಿ ತಿರುಗಿಸಿದರೆ ಎಲ್ಲ ಗೋಡೆಗೆ ಅಂಟಿ ಕೂರುತ್ತದೆ. ಒಂದು ಸಲಕ್ಕೆ 150 ಗ್ರಾಂ ಬೀಜ. ಒಬ್ಬರು ತಿರುಗಿಸಬೇಕು, ಇನ್ನೊಬ್ಬರು ಗೋಂದಿನ ನೀರು ಸಿಂಪಡಿಸಿ ಮಣ್ಣು ಉದುರಿಸಬೇಕು. ಗೋಂದು ಚೂರು, ಮಣ್ಣು ಚೂರು, ಮತ್ತೆ ಗೋಂದು. ಒಮ್ಮೆಗೇ ನೀರು ಹೆಚ್ಚಾದರೆ ಮುದ್ದೆಯಾಗುತ್ತದೆ, ಅದನ್ನು ಒಡೆದು ಸರಿಮಾಡಲು ಬರುವುದಿಲ್ಲ, ತೆಗೆದು ಪಕ್ಕಕ್ಕಿಡಬೇಕು. 8 ಮಿ.ಮೀ. ಮತ್ತು 5 ಮಿ.ಮೀ. ಜರಡಿಯಲ್ಲಿ ಹಿಡಿದು, ಸಣ್ಣವನ್ನು ಮರಳಿ ಬಕೆಟ್ಟಿಗೆ ಹಾಕಿದೆವು.

ಮಣ್ಣಿನ ಪಾಕ ಹೊಂದಿಸಲು ಹೆಚ್ಚು ಹೊತ್ತು ಹೋಯಿತು. ಬರೀ ಎರೆ ಮಣ್ಣಿನ ಉಂಡೆ ಒಣಗಿದಾಗ ಬಿರುಕು ಬಿಟ್ಟಿತು. ಹೊಲದಲ್ಲಿ ಬೇಸಿಗೆಗೆ ಬಾಯಿ ಬಿಡುವ ಎರೆ, ಉಂಡೆಯಲ್ಲೂ ಬಿಡುತ್ತದೆ. ಬಿರುಕಿನಿಂದ ಇರುವೆ ಬೀಜ ಎಳೆದುಕೊಂಡಿತು. ಬರೀ ಮಸಾರಿ ಕೈಯಲ್ಲಿ ಹಿಡಿದರೇ ಉದುರಿತು. ಜರಡಿ ಹಿಡಿದ ಮಸಾರಿ 3 ಪಾಲು, ಎರೆ 1 ಪಾಲು, ಪೂರ್ತಿ ಕಳಿತ ತಿಪ್ಪೆಗೊಬ್ಬರ 1 ಪಾಲು ಎಂದಾಗ ನಿಂತಿತು. ಅರ್ಧಂಬರ್ಧ ಕಳಿತ ಗೊಬ್ಬರ ಹಾಕಿದ ಉಂಡೆಗಳಿಗೆ ಗೆದ್ದಲು ಹಿಡಿಯಿತು. ಒಣಗಿಸುವುದು ನೆರಳಲ್ಲೇ. ಎದೆಯೆತ್ತರದಿಂದ ಗಾರೆ ನೆಲಕ್ಕೆ ಬಿಟ್ಟಾಗ ಒಡೆಯಬಾರದು, ನೀರಲ್ಲಿ ಹಾಕಿದರೆ ಹತ್ತು ನಿಮಿಷದಲ್ಲಿ ಕರಗಬೇಕು. ಈ ಎರಡೂ ನೋಡದೆ ಹೊಲಕ್ಕೆ ಒಯ್ಯಬಾರದು.

ಮೊಳಕೆ ಪರೀಕ್ಷೆ ಒದ್ದೆ ಗೋಣಿಯಲ್ಲಿ. ಬರೀ ಅಂಜನ 50ಕ್ಕೆ 28, ಮಸಾರಿ, ಎರೆ, ಗೊಬ್ಬರ ಮೂರೂ ಬೆರೆಸಿದ ಉಂಡೆ 50ಕ್ಕೆ 24, ಬರೀ ಎರೆಯ ಉಂಡೆ 50ಕ್ಕೆ 9. ಅಂಜನ ಬೀಜಕ್ಕೆ ಕೊಯ್ದ ಮೇಲೆ ಕೆಲವು ತಿಂಗಳ ಸುಪ್ತಾವಸ್ಥೆ ಇರುತ್ತದೆ, ಹೊಸ ಬೀಜ ಚೆನ್ನಾಗಿ ಮೊಳೆಯುವುದಿಲ್ಲ. ನಮ್ಮದು ಹಿಂದಿನ ಹಂಗಾಮಿನದು. ಸ್ಟೈಲೋ ಸಿಪ್ಪೆ ಗಟ್ಟಿ. 80 ಡಿಗ್ರಿ ನೀರಲ್ಲಿ 4 ನಿಮಿಷ ಅದ್ದಿ, ತಕ್ಷಣ ತಣ್ಣೀರಿಗೆ ಹಾಕಿ, ಒಣಗಿಸಿ ಆಮೇಲೆ ಉಂಡೆ ಮಾಡಬೇಕು.

ರೋಹಿಣಿ: ಸಾಲನ್ನು ಬೇರೆ ಕಡೆ ತಿರುಗಿಸಿದ್ದು

ಉಂಡೆ ಇದ್ದರೂ ಇರುವೆಗೆ ತಿನ್ನಲು ಬೇರೇನೂ ಇಲ್ಲದಿದ್ದರೆ ಅವು ಉಂಡೆ ಕಡಿಯುತ್ತಾ ಕೂರುತ್ತವೆ. ಕಣದಲ್ಲಿ ಉಳಿದ ಸಜ್ಜೆ ಹೊಟ್ಟು ಜೊಳ್ಳು ಕಾಳಿನ ಸಮೇತ ಇತ್ತು. ಅದನ್ನು ಒಂದೊಂದು ಗೂಡಿನ ಬಾಯಿಯ ಹತ್ತಿರ ಎರಡು ಸೇರಿನಷ್ಟು ಸುರಿದೆವು. ಆದದ್ದು ಉಲ್ಟಾ. ಎರಡೇ ದಿನಕ್ಕೆ ಗೂಡಿನಿಂದ ಹೊರಬರುವ ಇರುವೆ ದುಪ್ಪಟ್ಟಾಗಿ, ಎಲ್ಲ ದಾರಿಗಳೂ ದಟ್ಟವಾದವು.

ಕಾರಣ ಹುಡುಕುವಾಗ ಅಮೆರಿಕದ ಅರಿಜೋನ–ನ್ಯೂ ಮೆಕ್ಸಿಕೊ ಗಡಿಯ ಮರುಭೂಮಿಯ ಕೆಂಪು ಕಾಳಿರುವೆ, ಪೊಗೊನೊಮಿರ್ಮೆಕ್ಸ್ ಬಾರ್ಬೇಟಸ್ ಬಗ್ಗೆ ಓದಿದೆ. ಜೀವವಿಜ್ಞಾನಿ ಡೆಬೊರಾ ಗಾರ್ಡನ್ 1980ರ ದಶಕದಿಂದ ಅದೇ ಜಾಗದ ಗೂಡುಗಳನ್ನು ವರ್ಷ ವರ್ಷವೂ ಎಣಿಸುತ್ತಾ ಬಂದಿದ್ದಾರೆ. ಆ ಇರುವೆಗಳಿಗೆ ಹೊರಡಿ ಎಂದು ಆಜ್ಞೆ ಕೊಡುವವರಿಲ್ಲ. ಕಾಳು ಹಿಡಿದು ವಾಪಸು ಬಂದವು ಬಾಯಿಯ ಒಳಗೆ ಕಾಯುತ್ತಿರುವವುಗಳ ಮೀಸೆಗೆ ಮೀಸೆ ತಾಗಿಸುತ್ತವೆ. ಎಷ್ಟು ಬೇಗ ಬೇಗ ವಾಪಸು ಬರುತ್ತವೋ ಅಷ್ಟು ಹೆಚ್ಚು ಹೊಸವು ಹೊರಡುತ್ತವೆ. ಕಾಳು ಹುಡುಕಲು ತಡವಾದರೆ ಹೊರಡುವುದೂ ತಗ್ಗುತ್ತದೆ. ಒಣಹವೆಯಲ್ಲಿ ಹೊರಗೆ ಅಡ್ಡಾಡಿದರೆ ಮೈಯ ನೀರು ಹೋಗುತ್ತದೆ, ಆ ನೀರು ಮತ್ತೆ ಸಿಗುವುದು ತಂದ ಕಾಳಿನಿಂದಲೇ. ಹಾಗಾಗಿ ಸುಮ್ಮನೆ ತಿರುಗುವುದು ಅವಕ್ಕೆ ನಷ್ಟ. ನಮ್ಮದು ಬೇರೆ ಕುಲ, ಆದರೆ ಬಾಯಿಯ ಹತ್ತಿರ ಕಾಳು ಸುರಿದಾಗ ನಮ್ಮ ಹೊಲದಲ್ಲಿ ಕಂಡದ್ದು ಇದೇ ನಡವಳಿಕೆ.

ಹೊಟ್ಟನ್ನೆಲ್ಲ ಬಾಚಿ ತೆಗೆದು, ಬಿತ್ತುವ ತುಂಡಿನಿಂದ ಹೊರಗೆ ಹೋಗುವ ದಾರಿಗಳ ತುದಿಯಲ್ಲಿ, ಬದುವಿನ ಆಚೆ ಹಾಕಿದೆವು. ಒಂದೇ ದಾರಿಯಲ್ಲಿ ಓಡಾಟ ಬೆಳೆಯಿತು, ಬಿತ್ತುವ ಕಡೆಯ ದಾರಿಗಳು ಒಂದು ವಾರದೊಳಗೆ ತೆಳುವಾದವು. ಮಧ್ಯದಲ್ಲಿದ್ದ ಎರಡು ಗೂಡಿಗೆ ಇದು ಹೊಂದಲಿಲ್ಲ, ಅವುಗಳ ಎಲ್ಲ ದಾರಿಯೂ ತುಂಡಿನ ಒಳಗೇ ಇದ್ದವು. ಆ ಎರಡರ ಸುತ್ತ 2 ಮೀಟರು ಬಿತ್ತದೆ ಬಿಟ್ಟೆವು.

ಮೃಗಶಿರ: ಬಿತ್ತನೆ

ಒಣ ಬಿತ್ತನೆ ಈ ಸಲ ಇಲ್ಲ. ಮಣ್ಣು ಒಂದು ಗೇಣು ತೋಯುವ ಮಳೆ ಬಿದ್ದ ಮರುದಿನ, ಇಳಿಜಾರಿಗೆ ಅಡ್ಡಲಾಗಿ ಸಣ್ಣ ಕುಂಟೆಯಿಂದ ಗೀರು ಎಳೆದೆವು. ಸಾಲಿಂದ ಸಾಲಿಗೆ ಒಂದೂವರೆ ಅಡಿ, ಗೀರಿನ ಆಳ ಒಂದು ಸೆಂ.ಮೀ. ಒಳಗೆ. ಅಂಜನ ಬೀಜ ಆಳಕ್ಕೆ ಹೋದರೆ ಮೇಲೆ ಬರುವುದಿಲ್ಲ. ಉಂಡೆ ಬಿಟ್ಟು ಮೇಲೆ ಜಾಲಿ ಟೊಂಗೆ ಎಳೆದರೆ ಮಣ್ಣು ಮುಚ್ಚುತ್ತದೆ. ಬಿತ್ತಿದ್ದು ಬೆಳಿಗ್ಗೆ ಹತ್ತರ ಮೇಲೆ, ಸಾಲು ಒಳಗೆ ಹೋದ ಹೊತ್ತಲ್ಲಿ. ಸುತ್ತ ಬಳ್ಳಾರಿ ಜಾಲಿಯ ಮುಳ್ಳು ಕಡಿದು ಬೇಲಿ. ಆಳಿನ ಕೂಲಿ 1,200 ರೂಪಾಯಿ. ಹೋಲಿಕೆಗೆಂದು ನಾಲ್ಕು ಸಾಲಿಗೆ ಉಂಡೆ ಮಾಡದ ಬೀಜ ಬಿತ್ತಿ ಗೂಟ ಹೊಡೆದೆವು.

ಆರಿದ್ರಾ

ಎರಡು ದಿನ ಜಡಿ ಮಳೆ ಹಿಡಿದು ಬಿಸಿಲು ಬಿದ್ದ ಮಧ್ಯಾಹ್ನ, ಗೂಡಿನ ಬಾಯಿಗಳ ಸುತ್ತ ಕಾಳು ಹರವಿದ್ದವು. ಇರುವೆಗಳೇ ಒಳಗಿಂದ ತಂದು ಒಣಗಲು ಹಾಕಿದ್ದವು. ಬ್ರಿಟಿಷ್ ಸೇನಾಧಿಕಾರಿ ಕರ್ನಲ್ ಸೈಕ್ಸ್ ಪುಣೆಯಲ್ಲಿ ಇದನ್ನೇ ಕಂಡು 1835ರಲ್ಲಿ ಪ್ರಕಟಿಸಿದ್ದ. ಅವನು ನೋಡಿದ್ದು ಫೈಡೋಲೆ ಪ್ರೊವಿಡೆನ್ಸ್ ಎಂಬ ಬೇರೆ ಇರುವೆಯನ್ನು, ಮುಂಗಾರಿಗೆ ತೋಯ್ದ ಹುಲ್ಲುಬೀಜವನ್ನು ಅದು ಹೊರತಂದು ಬಿಸಿಲಿಗೆ ಹಾಕುತ್ತಿತ್ತು.

ನಮಗೆ ಇದು ಒಳ್ಳೆಯ ಲೆಕ್ಕಪತ್ರವಾಯಿತು. ಹರವಿದ್ದರಲ್ಲಿ ಒಂದು ಚಿಟಿಕೆ ಎತ್ತಿ ಬಿಳಿ ಕಾಗದದ ಮೇಲೆ ವಿಂಗಡಿಸಿದರೆ ಹೆಚ್ಚಿನದು ಸಜ್ಜೆಯ ಜೊಳ್ಳು ಮತ್ತು ಕಾಡು ಹುಲ್ಲಿನ ಬೀಜ. ಮಧ್ಯದ ಗೂಡುಗಳ ಬಾಯಲ್ಲಿ ಸ್ಟೈಲೋ ಇತ್ತು, ಉಂಡೆ ಮಾಡದ ನಾಲ್ಕು ಸಾಲು ಅವುಗಳ ಹತ್ತಿರವೇ ಇದ್ದವು. ಮಣ್ಣು ಅಂಟಿದ ಬೀಜ ಅಲ್ಲೊಂದು ಇಲ್ಲೊಂದು ಮಾತ್ರ. ಹರವಿದ್ದರಲ್ಲಿ ಕೆಲವು ಮೊಳಕೆ ಒಡೆದಿದ್ದವು, ಅವನ್ನು ಒಳಗೆ ಒಯ್ಯದೆ ಹೊಟ್ಟಿನ ಬಳೆಯಲ್ಲೇ ಬಿಟ್ಟವು.

ಉತ್ತರೆ: ಎಣಿಕೆ

ಒಂದು ಮೀಟರು ಚೌಕದ ಕಟ್ಟಿಗೆ ಚೌಕಟ್ಟು ಮಾಡಿ, ಎಲ್ಲಿ ಬೀಳುತ್ತದೋ ಅಲ್ಲಿ ಎಣಿಸಿದೆವು. ಉಂಡೆಯ ಸಾಲಿನಲ್ಲಿ ಚೌಕಕ್ಕೆ 7ರಿಂದ 11 ಅಂಜನದ ಬುಡ, 3–4 ಸ್ಟೈಲೋ. ಬರೀ ಬೀಜದ ಸಾಲಿನಲ್ಲಿ ಒಂದೆರಡು ಅಂಜನ, ಸ್ಟೈಲೋ ಇಲ್ಲವೇ ಇಲ್ಲ. ಮೇಲಿನ ಅಂಚಿನಲ್ಲಿ, ಗರಸು ತೀರಾ ಮೇಲಿರುವ ಎರಡು ಗುಂಟೆಯಷ್ಟು ಕಡೆ ಉಂಡೆಯದ್ದೂ ಕೈಕೊಟ್ಟಿತು. ಅಲ್ಲಿ ಉಂಡೆ ಕರಗದೆ ಹಾಗೇ ಬಿದ್ದಿವೆ, ನೀರು ನಿಲ್ಲದೆ ಹರಿದುಹೋಗಿದೆ. ಇರುವೆ ಅವನ್ನು ಮುಟ್ಟಿಲ್ಲ.

ಎಲ್ಲಕ್ಕಿಂತ ದಟ್ಟ ಹುಲ್ಲು ನಾವು ಬಿತ್ತದ ಜಾಗದಲ್ಲಿದೆ. ಮಧ್ಯದ ಎರಡು ಗೂಡಿನ ಹೊಟ್ಟಿನ ಬಳೆಯ ಅಂಚಿಗೆ ಅಂಜನ ಮೊಣಕಾಲೆತ್ತರ, ಬುಡಕ್ಕೆ ಹದಿನೈದಿಪ್ಪತ್ತು ತೆಂಡೆ, ಸಾಲಿನದ್ದಕ್ಕೆ ಐದಾರು. ಬೇಲಿಯಾಚೆ ನಿಂತು ನೋಡಿದ ಕುರಿಗಾರರೊಬ್ಬರಿಗೆ ಇದು ಹೊಸದಾಗಿ ಕಾಣಲಿಲ್ಲ. "ಇರಿವಿ ಗೂಡಿನ ಸುತ್ತ ಯಾವತ್ತೂ ಹುಲ್ಲು ದಟ್ಟನ ಇರ್ತದ್ರಿ, ಕುರಿನೂ ಅಲ್ಲೇ ಮೊದ್ಲು ಬಾಯಿ ಹಾಕ್ತಾವ" ಎಂದರು. ಕಾಳಿರುವೆಗಳ ಕಸದ ಜಾಗದ ಮಣ್ಣಿನಲ್ಲಿ ಸಾರಜನಕ, ರಂಜಕ ಸುತ್ತಲಿನ ಮಣ್ಣಿಗಿಂತ ಹೆಚ್ಚಿರುವುದು ಹಲವು ದೇಶಗಳ ಒಣನಾಡುಗಳಲ್ಲಿ ಅಳೆದು ಕಂಡ ಸಂಗತಿ. ನಮ್ಮ ಮರಡಿಯಲ್ಲಿ ಗೊಬ್ಬರ ಬಿದ್ದಿರುವ ಜಾಗ ಅದೊಂದೇ. ಕೈಯಿಂದ ಅಗೆದರೂ ಮಣ್ಣು ಸಡಿಲ. ಗೂಡಿಗೆ ಪುಡಿ ವಿಷ ಸುರಿದಿದ್ದರೆ ಇದನ್ನೂ ಕಳೆದುಕೊಳ್ಳುತ್ತಿದ್ದೆವು.

ಖರ್ಚು ಮತ್ತು ಉಳಿದ ಕೆಲಸ

ಬೀಜಕ್ಕೆ 850, ಯಂತ್ರಕ್ಕೆ 430, ಭೂತಗನ್ನಡಿ, ಥರ್ಮಾಮೀಟರು 530, ಜರಡಿ, ಸಿಂಪಡಿಸುವ ಬಾಟಲಿ, ರೈಜೋಬಿಯಂ ಸೇರಿ 340, ಕೂಲಿ 1,200. ಒಟ್ಟು 3,350 ರೂಪಾಯಿ. ಮನೆಯವರ ದುಡಿಮೆ ಇದರಲ್ಲಿಲ್ಲ. ಉಂಡೆ ಕಟ್ಟುವುದಕ್ಕೇ ಹೆಚ್ಚು ಕೈಗಳು ಬೇಕಾದವು.

ಈ ವರ್ಷ ಹುಲ್ಲು ಕೊಯ್ಯುವುದಿಲ್ಲ, ಮೇಯಿಸುವುದೂ ಇಲ್ಲ. ತೆನೆ ಬಲಿತು ಬೀಜ ಉದುರಲಿ. ಒಂದು ಕೆ.ಜಿ.ಯಷ್ಟು ಬಿಡಿಸಿಕೊಂಡು ಗೋಣಿಯಲ್ಲಿ ನೆರಳಿಗೆ ಕಟ್ಟಿಡುತ್ತೇವೆ, ಮುಂದಿನ ಮೃಗಶಿರಕ್ಕೆ ಅದರ ಸುಪ್ತಾವಸ್ಥೆ ಕಳೆದಿರುತ್ತದೆ. ಕೈಕೊಟ್ಟ ಮೇಲಂಚಿಗೆ ಬಿತ್ತುವ ಮೊದಲು ಅರ್ಧ ಅಡಿ ಎತ್ತರದ ಕಲ್ಲಿನ ಅಡ್ಡಸಾಲು ಹಾಕಬೇಕು. ಗೂಡುಗಳ ಹೊರಬಳೆಯಿಂದ ಹಳೇ ಹೊಟ್ಟನ್ನು ಒಂದೊಂದು ಬುಟ್ಟಿಯಷ್ಟು ಮಾತ್ರ ಎತ್ತಿ, ತಿಪ್ಪೆಗೊಬ್ಬರದ ಬದಲು ಅದನ್ನೇ ಉಂಡೆಗೆ ಬೆರೆಸಿ ಮೊಳಕೆ ಎಣಿಸುವುದಿದೆ. ಯಂತ್ರದ ಕೈಹಿಡಿ ಬಿಚ್ಚಿ ಸೈಕಲ್ ಚೈನು, ಪೆಡಲು ಜೋಡಿಸುವ ಕೆಲಸ ಶುರುವಾಗಿದೆ. ಒಬ್ಬರೇ ತುಳಿಯುತ್ತಾ ಎರಡೂ ಕೈಯಲ್ಲಿ ಮಣ್ಣು, ಗೋಂದು ಹಾಕುವ ಹಾಗೆ ಆದರೆ ಒಂದು ಆಳು ಉಳಿಯುತ್ತದೆ.